ತುಂಗಭದ್ರೆ ಸೇರುತ್ತಿರುವ ಗದ್ದೆಯ ಗೊಬ್ಬರ: ಬಸಿನೀರನ್ನು ತೂಬಿನ ಮಟ್ಟದಲ್ಲೇ ಹಿಡಿಯುವುದು ಹೇಗೆ?

ಹರಿದ್ರಾ ತೀರ (ಭತ್ತ ಬೆಳೆಗಾರ, ಹರಿಹರ ತಾಲ್ಲೂಕು):

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ, ಕೊನೆಭಾಗಕ್ಕೆ ತಲುಪುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ ನಾವು ಪ್ರತಿ ಹಂಗಾಮಿನಲ್ಲೂ ಸಭೆ ಸೇರುತ್ತೇವೆ, ರಸ್ತೆಗೂ ಇಳಿಯುತ್ತೇವೆ. ಅದೇ ನೀರು ನಮ್ಮ ಗದ್ದೆಯಿಂದ ಹೊರಬಿದ್ದ ಮೇಲೆ ಏನನ್ನು ಹೊತ್ತುಕೊಂಡು ಹೋಗುತ್ತದೆ ಎಂಬುದನ್ನು ಮಾತ್ರ ಒಟ್ಟಿಗೆ ಕೂತು ಮಾತನಾಡಿದ್ದು ಕಡಿಮೆ. ಆ ಚರ್ಚೆಯನ್ನು ಇಲ್ಲಿ ಆರಂಭಿಸಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಭಾಗದ ಗದ್ದೆಗಳ ಬಸಿನೀರು ಸಣ್ಣ ಹಳ್ಳಗಳಿಗೆ ಇಳಿದು, ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆಯನ್ನು ಕೂಡಿಕೊಂಡು, ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದು ಹೊಸಪೇಟೆಯ ಜಲಾಶಯದ ನೀರು. ಕೆಲವು ವರ್ಷಗಳಲ್ಲಿ ಮಳೆಗಾಲ ಮುಗಿದ ಮೇಲೆ ಆ ಜಲಾಶಯದ ನೀರು ಹಸಿರು ಬಣ್ಣ ತಿರುಗಿದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ನೀಲಿ-ಹಸಿರು ಪಾಚಿ ಹಾಗೆ ಹಬ್ಬಬೇಕಾದರೆ ಅದಕ್ಕೆ ಸಾರಜನಕವೂ ರಂಜಕವೂ ಬೇಕು, ಮತ್ತು ಇವೆರಡನ್ನೂ ನಾವು ಚೀಲಗಟ್ಟಲೆ ಕೊಂಡು ಗದ್ದೆಗೆ ಹಾಕುತ್ತಿದ್ದೇವೆ. ಹಾಕಿದ್ದರಲ್ಲಿ ಒಂದು ಪಾಲು ಹಳ್ಳಕ್ಕೆ ಹೋಗುತ್ತಿರುವುದನ್ನು ಅಲ್ಲಗಳೆಯಲು ಸಾಧ್ಯವಿಲ್ಲ.

ನನ್ನ ಪ್ರಶ್ನೆ ಗೊಬ್ಬರದ ಪ್ರಮಾಣದ ಬಗ್ಗೆ ಮಾತ್ರವಲ್ಲ. ಕಡಿಮೆ ಹಾಕಿ ಎಂಬ ಮಾತನ್ನು ರೈತ ಸಂಪರ್ಕ ಕೇಂದ್ರದಲ್ಲಿ ಎಲ್ಲರೂ ಕೇಳಿದ್ದೇವೆ. ನಾನು ಗಮನಿಸಿರುವಂತೆ ನಮ್ಮಲ್ಲಿ ಹೆಚ್ಚಿನ ನಷ್ಟ ಆಗುವುದು ಕೆಲವೇ ದಿನಗಳಲ್ಲಿ. ನಾಟಿಗೆ ಮುಂಚೆ ಗದ್ದೆ ಕೆಸರು ಮಾಡಿ, ಮಟ್ಟ ಹೊಡೆದು, ಹೆಚ್ಚಾದ ರಾಡಿ ನೀರನ್ನು ಬದುವಿನ ಕಂಡಿ ತೆಗೆದು ಬಿಟ್ಟುಬಿಡುವ ದಿನ ಒಂದು. ತಳಗೊಬ್ಬರವನ್ನು ಕೆಸರಿಗೆ ಮುಂಚೆಯೇ ಎರಚಿದ್ದರೆ ಆ ರಾಡಿಯ ಜೊತೆಗೆ ಅದೂ ಹೋಗುತ್ತದೆ. ಮೇಲುಗೊಬ್ಬರವಾಗಿ ಯೂರಿಯಾ ಎರಚಿದ ನಂತರದ ವಾರ ಇನ್ನೊಂದು. ಆ ವಾರದಲ್ಲಿ ಮೇಲಿನ ಗದ್ದೆಯವರು ನೀರು ಬಿಟ್ಟರೆ ಅಥವಾ ಜೋರು ಮಳೆ ಬಂದರೆ ಕಂಡಿಯಲ್ಲಿ ಹೊರಹೋಗುವುದು ಬರೀ ನೀರಲ್ಲ. ಈ ದಿನಗಳಲ್ಲಿ ಕಂಡಿ ಕಟ್ಟಿಟ್ಟರೆ ನದಿಗೂ ಒಳ್ಳೆಯದು, ಚೀಲದ ದುಡ್ಡೂ ಉಳಿಯುತ್ತದೆ. ಇದನ್ನು ಒಬ್ಬೊಬ್ಬರೇ ಮಾಡಿದರೆ ಸಾಲದು, ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಒಂದು ತೂಬಿನ ಕೆಳಗಿನವರೆಲ್ಲ ಸೇರಿ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಅನುಭವ ಇರುವವರು, ಓದಿ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಮಣ್ಣಿನ ಪಾಠ (ಕೃಷಿ ಕಾಲೇಜಿನಲ್ಲಿ ಮಣ್ಣು ವಿಜ್ಞಾನ ಬೋಧಕಿ):

ತಾವು ಎತ್ತಿರುವ ಎರಡು ಸಂದರ್ಭಗಳೂ ಸರಿಯಾಗಿವೆ. ಆದರೆ ಅವೆರಡರಲ್ಲಿ ಹೊರಹೋಗುವ ಪೋಷಕಾಂಶ ಬೇರೆ ಬೇರೆ, ಹೋಗುವ ದಾರಿಯೂ ಬೇರೆ ಬೇರೆ. ಪರಿಹಾರವೂ ಅದಕ್ಕೆ ತಕ್ಕಂತೆ ಬದಲಾಗುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಂಜಕ ಮಣ್ಣನ್ನು ಬಿಟ್ಟು ಸುಲಭವಾಗಿ ಹೋಗುವುದಿಲ್ಲ. ಎರೆ ಮಣ್ಣಿನಲ್ಲಿ ಸುಣ್ಣಕ್ಕೂ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೂ ಅಂಟಿಕೊಂಡು ಕೂರುತ್ತದೆ. ಆದ್ದರಿಂದ ಅದು ಹೊರಡುವುದು ಮಣ್ಣಿನ ನುಣ್ಣನೆಯ ಕಣಗಳ ಸವಾರಿಯಲ್ಲಿ. ಕೆಸರು ಮಾಡಿದ ಗದ್ದೆಯ ರಾಡಿ ನೀರು ಎಂದರೆ ಅಂಥ ಕಣಗಳೇ. ಇಲ್ಲಿ ಒಂದು ಲೆಕ್ಕ ನೋಡಿ. 50 ಕಿಲೋ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದಲ್ಲಿ ಶೇ 46ರಷ್ಟು ರಂಜಕದ ಆಕ್ಸೈಡ್ ಇದೆ. ಶುದ್ಧ ರಂಜಕದ ಲೆಕ್ಕದಲ್ಲಿ ಸುಮಾರು 10 ಕಿಲೋ. ನಿಂತ ನೀರಿನಲ್ಲಿ ಲೀಟರಿಗೆ 0.03 ಮಿಲಿಗ್ರಾಂನಷ್ಟು ರಂಜಕ ಇದ್ದರೆ ಪಾಚಿ ಹುಲುಸಾಗಿ ಬೆಳೆಯಲು ಸಾಕಾಗುತ್ತದೆ. ಹಾಗಿದ್ದ ಮೇಲೆ ಒಂದು ಚೀಲದ ರಂಜಕದಲ್ಲಿ ನೂರಕ್ಕೆ ಒಂದು ಪಾಲು, ಅಂದರೆ 100 ಗ್ರಾಂ, ಹಳ್ಳ ಸೇರಿದರೂ 33 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಬಲ್ಲದು. ರೈತನ ಲೆಕ್ಕದಲ್ಲಿ ಗಮನಕ್ಕೇ ಬಾರದ ನಷ್ಟ ನದಿಯ ಲೆಕ್ಕದಲ್ಲಿ ದೊಡ್ಡದಾಗುವುದು ಹೀಗೆ. ಸಿಹಿನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಬಹುಪಾಲು ರಂಜಕವೇ ಕಡಿವಾಣ ಎಂಬುದು ಕೆನಡಾದ ಒಂಟಾರಿಯೊದ ಪ್ರಾಯೋಗಿಕ ಸರೋವರಗಳಲ್ಲಿ 1970ರ ದಶಕದಲ್ಲೇ ಕಣ್ಣಿಗೆ ಕಾಣುವಂತೆ ಸಾಬೀತಾಗಿದೆ. ಅಲ್ಲಿ ಒಂದೇ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಸಾರಜನಕ ಮತ್ತು ಇಂಗಾಲ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಹಸಿರಾದದ್ದು ರಂಜಕ ಸೇರಿದ ಭಾಗ.

ಸಾರಜನಕದ ಕಥೆ ಬೇರೆ. ನಿಂತ ನೀರಿಗೆ ಎರಚಿದ ಯೂರಿಯಾ ಮೊದಲು ಕರಗುತ್ತದೆ, ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಹಗಲಿನಲ್ಲಿ ಗದ್ದೆಯ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಲು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ನೀರಿನ ಕ್ಷಾರತೆ ಏರಿದಾಗ ಅದರಲ್ಲಿ ಒಂದಷ್ಟು ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತದೆ. ಉಳಿದದ್ದು ಮಣ್ಣಿಗೆ ಇಳಿದು ಅಂಟಿಕೊಳ್ಳಲು ಸುಮಾರು ಒಂದು ವಾರ ಹಿಡಿಯುತ್ತದೆ. ಆ ವಾರ ಕಂಡಿ ತೆರೆದಿದ್ದರೆ ಗೊಬ್ಬರ ನೇರವಾಗಿ ಹಳ್ಳಕ್ಕೆ. ಕೆರೆ ಬಯಲಿನ ಭತ್ತದಲ್ಲಿ ನಾವು ಕೊಟ್ಟ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ 30ರಿಂದ 40 ಮಾತ್ರ. ಉಳಿದದ್ದೆಲ್ಲ ನದಿಗೆ ಹೋಗುತ್ತದೆ ಎಂದಲ್ಲ, ದೊಡ್ಡ ಪಾಲು ಗಾಳಿಗೆ ಹೋಗುತ್ತದೆ, ಒಂದಷ್ಟು ಮಣ್ಣಿನಲ್ಲೇ ಉಳಿಯುತ್ತದೆ. ಆದ್ದರಿಂದ ಕಂಡಿ ಕಟ್ಟಿ ನೀರು ನಿಲ್ಲಿಸುವುದು ಅರ್ಧ ಕೆಲಸ. ನೀರನ್ನು ತೆಳ್ಳಗೆ ಇಳಿಸಿ, ಯೂರಿಯಾ ಎರಚಿ, ಕಳೆ ತೆಗೆಯುವ ಕೋನೋ ವೀಡರನ್ನು ಸಾಲಿನ ನಡುವೆ ಓಡಿಸಿ ಗೊಬ್ಬರವನ್ನು ಕೆಸರಿಗೆ ಬೆರೆಸಿದರೆ ಎರಡೂ ನಷ್ಟ ಇಳಿಯುತ್ತದೆ.

ಬಾಂಗ್ಲಾದೇಶದಲ್ಲಿ ಯೂರಿಯಾವನ್ನು ಗುಳಿಗೆ ಮಾಡಿ, ನಾಲ್ಕು ಬುಡಗಳ ನಡುವೆ 7ರಿಂದ 10 ಸೆಂಟಿಮೀಟರ್ ಆಳದಲ್ಲಿ ಹೂಳುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. ಅಲ್ಲಿ ಮೂರನೇ ಒಂದು ಭಾಗದಷ್ಟು ಯೂರಿಯಾ ಉಳಿಯುತ್ತದೆ ಎಂಬುದು ಅನೇಕ ಪ್ರಯೋಗಗಳ ಫಲಿತಾಂಶ. ನಮ್ಮಲ್ಲಿ ಅದಕ್ಕೆ ಅಡ್ಡಿ ಕೂಲಿ.

ಕೊನೆ ತೂಬು (ಬೆಳೆಗಾರ, ಮಲೇಬೆನ್ನೂರು ಕಡೆ):

ಹರಿದ್ರಾ ತೀರದ ಅಣ್ಣನವರ ಕಾಳಜಿಗೆ ನನ್ನ ಗೌರವವಿದೆ. ಆದರೆ ಎರಡು ಮಾತನ್ನು ನೇರವಾಗಿ ಹೇಳಲೇಬೇಕು.

ನಮ್ಮ ಕಡೆ ಹೊಲಗಾಲುವೆ ಎಂಬುದು ನಕ್ಷೆಯಲ್ಲಿ ಇದೆ, ಜಾಗದಲ್ಲಿ ಇಲ್ಲ. ಎಷ್ಟೋ ಕಡೆ ಅದನ್ನು ಗದ್ದೆಯೊಳಗೆ ಸೇರಿಸಿಕೊಂಡು ದಶಕಗಳೇ ಆಗಿವೆ. ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಮೇಲಿನವರು ಯೂರಿಯಾ ಎರಚಿದ ಮೇಲೆ ಒಂದು ವಾರ ಕಂಡಿ ಕಟ್ಟಿದರೆ ಕೆಳಗಿರುವ ನನ್ನ ಗದ್ದೆ ಒಣಗುತ್ತದೆ. ಅವರು ಒಂದು ದಿನ, ಅವರ ಕೆಳಗಿನವರು ಮೂರು ದಿನ ಬಿಟ್ಟು, ಅದರ ಕೆಳಗಿನವರು ಮುಂದಿನ ವಾರ ಹೀಗೆ ಎರಚುತ್ತಾ ಹೋದರೆ ಇಡೀ ತಿಂಗಳು ಯಾರದೋ ಒಬ್ಬರ ಕಂಡಿ ಮುಚ್ಚಿಯೇ ಇರಬೇಕಾಗುತ್ತದೆ. ಕೊನೆಭಾಗದವರಿಗೆ ಮೊದಲೇ ನೀರು ಬರುವುದು ಕಷ್ಟ, ಅದರ ಮೇಲೆ ನದಿಯನ್ನು ಉಳಿಸುವ ಭಾರವನ್ನೂ ನಾವೇ ಹೊರಬೇಕೇ? ಮೇಲಿನವರ ಗೊಬ್ಬರ ನೀರಿನಲ್ಲಿ ಬಂದು ನನ್ನ ಗದ್ದೆಗೇ ಬೀಳುತ್ತದೆ, ಅದರಿಂದ ನನ್ನ ಭತ್ತ ಸೊಕ್ಕಿ ಬೆಳೆದು ನೆಲಕ್ಕೆ ಮಲಗಿದ್ದೂ ಉಂಟು. ಯಾರ ಗೊಬ್ಬರ ಎಲ್ಲಿ ಹೋಯಿತೆಂದು ಲೆಕ್ಕ ಹಾಕುವುದು ಹೇಗೆ?

ಎರಡನೆಯದು ನಗರದ ಮಾತು. ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರ ಊರುಗಳ ಚರಂಡಿ ನೀರು ಇದೇ ನದಿಗೆ ಸೇರುತ್ತದೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹರಿಹರದವರೆಗೆ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ನಡೆದಾಗ ಜನ ಮುಖ್ಯವಾಗಿ ಕೇಳಿದ್ದು ಆ ಚರಂಡಿಗಳ ಬಗ್ಗೆಯೇ. ಬಟ್ಟೆ ತೊಳೆಯುವ ಪುಡಿಯಿಂದ ಹಿಡಿದು ಶೌಚಾಲಯದವರೆಗೆ ಎಲ್ಲದರಲ್ಲೂ ಸಾರಜನಕವೋ ರಂಜಕವೋ ಇರುವಾಗ ರೈತನನ್ನು ಮೊದಲು ನಿಲ್ಲಿಸಿ ಪ್ರಶ್ನಿಸುವುದು ನ್ಯಾಯವಲ್ಲ.

ಹರಿದ್ರಾ ತೀರ:

ನ್ಯಾಯದ ಪ್ರಶ್ನೆಯನ್ನು ಒಪ್ಪುತ್ತೇನೆ. ಚರಂಡಿ ನೀರನ್ನು ಶುದ್ಧಿ ಮಾಡದೆ ಬಿಡಬಾರದು ಎಂಬ ಬೇಡಿಕೆಗೆ ನನ್ನ ಸಹಿಯೂ ಇರುತ್ತದೆ. ಆದರೆ ಚರಂಡಿ ಬೀಳುವ ಜಾಗವನ್ನು ಬೆರಳು ಮಾಡಿ ತೋರಿಸಬಹುದು, ಅಲ್ಲಿ ಒಂದು ಘಟಕ ಕಟ್ಟಬಹುದು, ಕಟ್ಟದಿದ್ದರೆ ಯಾರನ್ನು ಕೇಳಬೇಕೆಂಬುದು ಗೊತ್ತಿದೆ. ಸುಮಾರು ಒಂದು ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ಸಾವಿರಾರು ಕಂಡಿಗಳಿಗೆ ಘಟಕ ಕಟ್ಟಲು ಯಾವ ಸರ್ಕಾರಕ್ಕೂ ಆಗುವುದಿಲ್ಲ, ಅದು ನಮ್ಮಿಂದಲೇ ಆಗಬೇಕು. ಗದ್ದೆಯಿಂದ ಗದ್ದೆಗೆ ನೀರು ಇಳಿಯುವ ತೊಡಕಿಗೆ ಉತ್ತರ ನನಗೂ ಬೇಕಿದೆ; ನಾಲೆಯ ಕೆಲಸ ಬಲ್ಲವರು ಯಾರಾದರೂ ಇದ್ದರೆ ಬರೆಯಲಿ.

ಎಡದಂಡೆ (ಬೆಳೆಗಾರ, ಸಿಂಧನೂರು ತಾಲ್ಲೂಕು):

ಜಲಾಶಯದ ಕೆಳಗಿನವರ ಮಾತನ್ನೂ ಕೇಳಿ. ನೀವು ಮೇಲಿನಿಂದ ಕಳಿಸಿದ್ದು ಹೊಸಪೇಟೆಯಲ್ಲಿ ನಿಂತು, ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನಮ್ಮೂರಿಗೆ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ನಾಲೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಬೇಸಿಗೆಯಿಡೀ ಅದನ್ನೇ ಕುಡಿಯುತ್ತೇವೆ. ಬೋರಿನ ನೀರು ಬಹಳ ಕಡೆ ಉಪ್ಪು. ಕೆರೆಯಲ್ಲಿ ಪಾಚಿ ಕಟ್ಟಿದ ವರ್ಷ ಶುದ್ಧೀಕರಣದ ಮರಳು ಬೇಗ ಕಟ್ಟಿಕೊಳ್ಳುತ್ತದೆ, ನೀರಿಗೆ ಮಣ್ಣು ವಾಸನೆ ಬರುತ್ತದೆ, ಕೊಡ ಹಿಡಿದ ಹೆಣ್ಣುಮಕ್ಕಳು ಮತ್ತೆ ದುಡ್ಡು ಕೊಟ್ಟು ಕ್ಯಾನ್ ನೀರು ತರಬೇಕಾಗುತ್ತದೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ, ಅದು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ನಮಗೆ ಇದು ನದಿಯ ಅಂದದ ವಿಷಯವಲ್ಲ.

ಹಾಗೆಂದು ನಾವು ಕಡಿಮೆಯವರಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತಕ್ಕೆ ಹಾಕುವ ಗೊಬ್ಬರ ರಾಜ್ಯದಲ್ಲೇ ಹೆಚ್ಚಿನದರಲ್ಲಿ ಒಂದು, ನಮ್ಮ ಬಸಿನೀರು ಮಾನ್ವಿ, ರಾಯಚೂರು ಕಡೆಯವರಿಗೆ ಹೋಗುತ್ತದೆ. ನಮ್ಮ ಅಚ್ಚುಕಟ್ಟಿನ ನಾಟಿ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 150:75:75 ಕಿಲೋ. ಎಕರೆ ಲೆಕ್ಕಕ್ಕೆ ಇಳಿಸಿದರೆ ಡಿಎಪಿ 65 ಕಿಲೋ, ಯೂರಿಯಾ 105 ಕಿಲೋ, ಅಂದರೆ 45 ಕಿಲೋದ ಚೀಲ ಎರಡೂಕಾಲು ಚಿಲ್ಲರೆ. ನನ್ನ ಸುತ್ತಮುತ್ತ ನಾಲ್ಕು ಚೀಲಕ್ಕೆ ಕಡಿಮೆ ಹಾಕುವವರನ್ನು ಹುಡುಕಬೇಕು. ಇದಕ್ಕೆ ಅಜ್ಞಾನ ಕಾರಣವೆಂದು ಯಾರೂ ಭಾವಿಸಬಾರದು. ಇಲ್ಲಿ ಬೇಸಾಯ ಮಾಡುವವರಲ್ಲಿ ಬಹಳ ಜನ ಗುತ್ತಿಗೆಗೆ ಹಿಡಿದವರು. ಭೂಮಿಯ ಮಾಲೀಕರಿಗೆ ಎಕರೆಗೆ ಇಂತಿಷ್ಟು ಚೀಲ ಭತ್ತ ಎಂದು ಮೊದಲೇ ಮಾತಾಗಿರುತ್ತದೆ. ಇಳುವರಿ ಎರಡು ಚೀಲ ಕಡಿಮೆಯಾದರೆ ಅದು ಗುತ್ತಿಗೆದಾರನ ಮನೆಯ ಊಟದಿಂದಲೇ ಕಡಿತ. ಮುಂದಿನ ವರ್ಷ ಆ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ತಿಳಿಯದವನು ಹಸಿರೆಲೆ ಗೊಬ್ಬರಕ್ಕೆ ಡಯಾಂಚ ಬಿತ್ತಿ ಮಣ್ಣಿಗೆ ಬಂಡವಾಳ ಹಾಕುವುದಿಲ್ಲ. ಒಂದು ಚೀಲ ಯೂರಿಯಾ ಅವನ ಪಾಲಿಗೆ ಅಗ್ಗದ ವಿಮೆ.

ನನಗೆ ಉಪಯೋಗಕ್ಕೆ ಬಂದದ್ದು ಎಲೆ ಬಣ್ಣದ ಪಟ್ಟಿ. ಪ್ಲಾಸ್ಟಿಕ್ಕಿನ ಸಣ್ಣ ಅಳತೆಪಟ್ಟಿಯಂಥದ್ದು, ತಿಳಿಹಸಿರಿನಿಂದ ಕಡುಹಸಿರಿನವರೆಗೆ ಪಟ್ಟೆಗಳಿವೆ. ನಾಟಿಯಾಗಿ ಎರಡು ವಾರದ ನಂತರ ಬೆಳಿಗ್ಗೆ ಗದ್ದೆಗೆ ಇಳಿದು, ಬಿಸಿಲಿಗೆ ಬೆನ್ನು ಮಾಡಿ, ನಮ್ಮ ನೆರಳಿನಲ್ಲೇ ಹತ್ತು ಬುಡಗಳ ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ಪಟ್ಟಿಗೆ ಹಿಡಿದು ನೋಡಬೇಕು. ಎಲೆಯನ್ನು ಕೀಳಬಾರದು. ಹತ್ತರಲ್ಲಿ ಆರು ಎಲೆಗಳು ನಾಲ್ಕನೇ ಪಟ್ಟೆಗಿಂತ ತಿಳಿಯಾಗಿದ್ದರೆ ಮಾತ್ರ ಯೂರಿಯಾ, ಇಲ್ಲದಿದ್ದರೆ ಮುಂದಿನ ವಾರ ಮತ್ತೆ ನೋಡುವುದು. ಇದನ್ನು ಹಿಡಿದ ಮೇಲೆ ನನ್ನ ಯೂರಿಯಾ ಶಿಫಾರಸಿನ ಹತ್ತಿರ ಬಂದಿದೆ, ಕಂದು ಜಿಗಿಹುಳುವಿಗೆ ಹೊಡೆಯುವ ಔಷಧಿಯೂ ಕಡಿಮೆಯಾಗಿದೆ. ಸೊಕ್ಕಿದ ಹಸಿರಿಗೇ ಆ ಹುಳು ಮುತ್ತುವುದೆಂದು ಹಿರಿಯರು ಹೇಳುತ್ತಿದ್ದುದು ನಿಜ.

ಗೊಬ್ಬರದಂಗಡಿ (ಕೃಷಿ ಪರಿಕರ ಮಾರಾಟಗಾರ, ದಾವಣಗೆರೆ ಜಿಲ್ಲೆ):

ಅಂಗಡಿಯವರೇ ಹೆಚ್ಚು ಮಾರುತ್ತಾರೆ ಎಂಬ ದೂರು ಬರುವ ಮೊದಲೇ ನನ್ನ ಕಡೆಯ ವಿಷಯ ಹೇಳಿಬಿಡುತ್ತೇನೆ. ಯೂರಿಯಾದಿಂದ ನಮಗೆ ಸಿಗುವ ಲಾಭ ತೀರಾ ಕಡಿಮೆ. ಚೀಲದ ಬೆಲೆ ಬೇವಿನ ಲೇಪನ ಸೇರಿ ಸುಮಾರು 266 ರೂಪಾಯಿ. ಡಿಎಪಿ ಚೀಲಕ್ಕೆ 1,350 ರೂಪಾಯಿ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಅಂದಿನಿಂದ ಪೊಟ್ಯಾಷ್ ಮತ್ತು ಡಿಎಪಿಯ ಎದುರು ಯೂರಿಯಾ ಬಹಳ ಅಗ್ಗವಾಗಿ ಉಳಿಯಿತು. ಕೈಯಲ್ಲಿ ದುಡ್ಡು ಕಡಿಮೆ ಇರುವ ರೈತ ಪೊಟ್ಯಾಷ್ ಬಿಟ್ಟು ಯೂರಿಯಾ ಹೆಚ್ಚಿಸುವುದು ಈ ಬೆಲೆಯ ಕಾರಣದಿಂದ.

ಇನ್ನೊಂದು ಕಾರಣ ಅಭಾವದ ಭಯ. 2025ರ ಮುಂಗಾರಿನಲ್ಲಿ ರಾಜ್ಯದಲ್ಲಿ ಯೂರಿಯಾ ಸಿಗದೆ ರೈತರು ಸಾಲುಗಟ್ಟಿ ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಸಿಕ್ಕಾಗ ಸಿಕ್ಕಷ್ಟು ಒಯ್ದವರು ಅದನ್ನು ಮನೆಯಲ್ಲಿ ಇಟ್ಟರೆ ನೀರು ಬಿಡುತ್ತದೆ ಎಂದು ಒಂದೇ ಸಲಕ್ಕೆ ಎರಚಿದ್ದನ್ನು ನಾನೇ ನೋಡಿದ್ದೇನೆ. ಮೂರು ಕಂತಿನಲ್ಲಿ ಕೊಡಿ ಎಂದು ಇಲಾಖೆ ಹೇಳಬೇಕಾದರೆ, ಮೂರನೇ ಕಂತಿನ ಹೊತ್ತಿಗೆ ಚೀಲ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯನ್ನು ಮೊದಲು ಕೊಡಬೇಕು. ಕೆಲವು ಕಂಪನಿಗಳು ಯೂರಿಯಾ ಬೇಕಾದರೆ ಬೇರೆ ಸಾಮಾನನ್ನೂ ತೆಗೆದುಕೊಳ್ಳಿ ಎಂದು ನಮ್ಮ ಮೇಲೆ ಹೇರುವುದೂ ಇದೆ. ಆ ಭಾರ ಕೊನೆಗೆ ರೈತನ ಹೆಗಲಿಗೇ ಹೋಗುತ್ತದೆ.

ಬಾಲ್ಟಿಕ್ ದಂಡೆ (ಡೆನ್ಮಾರ್ಕಿನಲ್ಲಿ ನೆಲೆಸಿರುವ ಕನ್ನಡಿಗ, ಮೂಲ ಊರು ಹೊನ್ನಾಳಿ ಕಡೆ):

ನಾನು ಕೆಲಸ ಮಾಡುವ ದೇಶದ ಅನುಭವ ಇಲ್ಲಿಗೆ ನೇರವಾಗಿ ಹೊಂದದಿದ್ದರೂ ಎರಡು ಸಂಗತಿಗಳು ಉಪಯೋಗಕ್ಕೆ ಬರಬಹುದು. 1980ರ ದಶಕದಲ್ಲಿ ಇಲ್ಲಿನ ಸಮುದ್ರದ ಕೊಲ್ಲಿಗಳಲ್ಲಿ ಪಾಚಿ ಹಬ್ಬಿ, ತಳದ ನೀರಿನಲ್ಲಿ ಆಮ್ಲಜನಕ ಇಲ್ಲದೆ ಜಲಚರಗಳು ಸತ್ತವು. 1987ರಲ್ಲಿ ಸಂಸತ್ತು ಜಲ ಪರಿಸರದ ಮೊದಲ ಕ್ರಿಯಾ ಯೋಜನೆಯನ್ನು ಒಪ್ಪಿತು. ಸಾರಜನಕದ ಸೋರಿಕೆಯನ್ನು ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವ ಗುರಿ ಅದರದು. ಅಷ್ಟು ಬೇಗ ಆಗಲಿಲ್ಲ. ಪ್ರತಿ ರೈತನೂ ಗೊಬ್ಬರದ ಜಮಾ-ಖರ್ಚನ್ನು ವರ್ಷವರ್ಷ ಸರ್ಕಾರಕ್ಕೆ ಒಪ್ಪಿಸುವ ಪದ್ಧತಿ, ಕೊಯ್ಲಿನ ನಂತರ ಹೊಲವನ್ನು ಬರಿದಾಗಿ ಬಿಡದೆ ಮಣ್ಣಿನಲ್ಲಿ ಉಳಿದ ನೈಟ್ರೇಟನ್ನು ಹೀರಿಕೊಳ್ಳುವ ಮೂಲಂಗಿ ಜಾತಿಯ ಬೆಳೆಯನ್ನು ಕಡ್ಡಾಯವಾಗಿ ಬೆಳೆಯುವುದು, ಹಿಂದೆ ಬತ್ತಿಸಿದ ಜೌಗು ಭೂಮಿಗೆ ಮತ್ತೆ ನೀರು ಬಿಡುವುದು ಎಲ್ಲ ಸೇರಿ, ಒಂದರ ಮೇಲೊಂದು ಯೋಜನೆ ಬಂದು, ಬಹಳ ವರ್ಷಗಳ ನಂತರ ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೂ ಕೊಲ್ಲಿಗಳು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. 2024ರಲ್ಲಿ ಮತ್ತೆ ದೊಡ್ಡ ಪ್ರಮಾಣದ ಕೃಷಿ ಭೂಮಿಯನ್ನು ಕಾಡು ಮತ್ತು ಜೌಗಿಗೆ ಬಿಡುವ ಒಪ್ಪಂದವಾಗಿದೆ.

ಎರಡನೆಯದು ಎಚ್ಚರಿಕೆಯ ಸಂಗತಿ. 2012ರಲ್ಲಿ ಇಲ್ಲಿ ಹೊಳೆ, ಕೆರೆಗಳ ಅಂಚಿನಲ್ಲಿ 10 ಮೀಟರ್ ಅಗಲದ ಪಟ್ಟಿಯಲ್ಲಿ ಉಳುಮೆ ಮತ್ತು ಗೊಬ್ಬರ ಎರಡನ್ನೂ ನಿಷೇಧಿಸುವ ಕಾನೂನು ಬಂತು. ಒಂದೇ ಅಳತೆಯನ್ನು ಎಲ್ಲ ಬಗೆಯ ಹೊಲಕ್ಕೂ ಹೇರಿದ್ದಕ್ಕೆ ರೈತರ ವಿರೋಧ ಬಲವಾಗಿತ್ತು. ಮೊದಲು ಅಗಲವನ್ನು 9 ಮೀಟರಿಗೆ ಇಳಿಸಿದರು, 2016ರಲ್ಲಿ ಕಾನೂನನ್ನೇ ಹಿಂತೆಗೆದುಕೊಂಡರು. ನೀವು ತೂಬಿನ ಮಟ್ಟದ ಒಪ್ಪಂದದ ಬಗ್ಗೆ ಮಾತನಾಡುತ್ತಿರುವುದು ಈ ಕಾರಣಕ್ಕಾಗಿ ನನಗೆ ಹೆಚ್ಚು ಭರವಸೆಯ ದಾರಿ ಎನಿಸುತ್ತದೆ.

ಸಾವಯವ ಹಾದಿ (ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು):

ರಾಸಾಯನಿಕ ಗೊಬ್ಬರವನ್ನು ಪೂರ್ತಿ ನಿಲ್ಲಿಸಿದರೆ ಈ ಚರ್ಚೆಯ ಅಗತ್ಯವೇ ಇರುವುದಿಲ್ಲ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ, ಹೊಂಗೆ ಸೊಪ್ಪು ಹಾಕಿ ನಮ್ಮ ಹಿರಿಯರು ಬೆಳೆದಿಲ್ಲವೇ?

ಮಣ್ಣಿನ ಪಾಠ:

ಸಾವಯವ ಗೊಬ್ಬರದಿಂದ ಮಣ್ಣಿನ ಹದ, ನೀರು ಹಿಡಿಯುವ ಗುಣ ಸುಧಾರಿಸುವುದು ಖಂಡಿತ. ಆದರೆ ನದಿಗೆ ಬೀಳುವ ರಂಜಕ ಚೀಲದಿಂದ ಬಂತೋ ಕೊಟ್ಟಿಗೆಯಿಂದ ಬಂತೋ ಎಂದು ಪಾಚಿ ಕೇಳುವುದಿಲ್ಲ. ಅದರಲ್ಲೂ ಕೋಳಿ ಗೊಬ್ಬರದಲ್ಲಿ ಸಾರಜನಕದ ಎದುರು ರಂಜಕದ ಪಾಲು ಹೆಚ್ಚು. ಸಾರಜನಕದ ಅಗತ್ಯ ನೋಡಿ ಹಾಕುತ್ತಾ ಹೋದರೆ ಮಣ್ಣಿನಲ್ಲಿ ರಂಜಕ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಹಳ್ಳದ ದಂಡೆಯಲ್ಲಿ ಮಳೆಗಾಲದಲ್ಲಿ ಗುಡ್ಡೆ ಹಾಕಿಟ್ಟ ಗೊಬ್ಬರ ಒಂದು ಮಳೆಗೆ ಎಷ್ಟು ತೊಳೆದುಹೋಗುತ್ತದೆ ಎಂಬುದನ್ನು ಗಮನಿಸಿ. ಅಡಿಕೆ ತೋಟಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಸಾಮಾನ್ಯ ಶಿಫಾರಸು. ಸಾವಯವವಾಗಿ ಕೊಟ್ಟದ್ದನ್ನೂ ಈ ಲೆಕ್ಕದೊಳಗೇ ಹಿಡಿಯಬೇಕು.

ನೈಟ್ರೇಟಿನ ಬಗ್ಗೆಯೂ ಒಂದು ಮಾತು. ಭತ್ತದ ಗದ್ದೆಗಿಂತ ಮೆಕ್ಕೆಜೋಳ, ಕಬ್ಬು, ತರಕಾರಿ ಹೊಲಗಳಿಂದ ಅದು ಹೆಚ್ಚಾಗಿ ಅಂತರ್ಜಲಕ್ಕೆ ಇಳಿಯುತ್ತದೆ, ಏಕೆಂದರೆ ಒಣ ಮಣ್ಣಿನಲ್ಲಿ ಅಮೋನಿಯಂ ಬೇಗ ನೈಟ್ರೇಟ್ ಆಗುತ್ತದೆ, ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಶೇ 49 ಆ ಮಿತಿ ಮೀರಿದ್ದವು. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಇದರ ಅಪಾಯ ಎಲ್ಲರಿಗಿಂತ ಹೆಚ್ಚು.

ನಾಲೆ ಬಲ್ಲವರು (ನಿವೃತ್ತ ನೀರಾವರಿ ಎಂಜಿನಿಯರ್):

ಕೊನೆ ತೂಬಿನವರು ಎತ್ತಿದ ತೊಡಕೇ ಇಡೀ ವಿಷಯದ ಗಂಟು. ಅದನ್ನು ಬಿಡಿಸದೆ ಎಲೆ ಪಟ್ಟಿಯಾಗಲಿ, ಗುಳಿಗೆಯಾಗಲಿ ಪೂರ್ತಿ ಫಲ ಕೊಡುವುದಿಲ್ಲ. ನನಗೆ ಕಾಣುವ ದಾರಿ ನಾಲೆಯ ಪಾಳಿಯಲ್ಲೇ ಇದೆ.

ಬೇಸಿಗೆ ಬೆಳೆಗೆ ಭದ್ರಾ ನಾಲೆಯಲ್ಲಿ ಆನ್ ಆಂಡ್ ಆಫ್ ಪದ್ಧತಿಯಲ್ಲಿ ನೀರು ಬಿಡುವುದು ಎಲ್ಲರಿಗೂ ತಿಳಿದದ್ದೇ. ಇಷ್ಟು ದಿನ ಹರಿವು, ಇಷ್ಟು ದಿನ ನಿಲುಗಡೆ ಎಂದು ಮೊದಲೇ ಪ್ರಕಟವಾಗುತ್ತದೆ. ರೈತರು ಸಾಮಾನ್ಯವಾಗಿ ಯೂರಿಯಾ ಎರಚುವುದು ನೀರು ಬಂದ ಕೂಡಲೇ, ಗದ್ದೆ ತುಂಬಿದ ಹುರುಪಿನಲ್ಲಿ. ಆಗ ಮೇಲಿನಿಂದ ಹರಿವು ಇನ್ನೂ ನಡೆಯುತ್ತಿರುತ್ತದೆ, ಒಳಗೆ ಬಂದಷ್ಟು ನೀರು ಹೊರಗೆ ಹೋಗಲೇಬೇಕು, ಕಂಡಿ ಕಟ್ಟಿದರೆ ಬದು ಒಡೆಯುತ್ತದೆ ಅಥವಾ ಕೆಳಗಿನವರು ಜಗಳಕ್ಕೆ ಬರುತ್ತಾರೆ. ಅದರ ಬದಲು ಒಂದು ತೂಬಿನ ಕೆಳಗಿನವರೆಲ್ಲ ಹರಿವಿನ ಕೊನೆಯ ದಿನಗಳಲ್ಲಿ ಗದ್ದೆಗೆ ನೀರು ನಿಲ್ಲಿಸಿಕೊಂಡು, ನಾಲೆ ನಿಂತ ಮೊದಲ ಒಂದೆರಡು ದಿನಗಳಲ್ಲೇ ಎಲ್ಲರೂ ಮೇಲುಗೊಬ್ಬರ ಕೊಟ್ಟು ಕಂಡಿ ಕಟ್ಟಿದರೆ ಯಾರ ನೀರನ್ನೂ ಯಾರೂ ತಡೆದಂತಾಗುವುದಿಲ್ಲ, ಏಕೆಂದರೆ ಆ ದಿನಗಳಲ್ಲಿ ಹರಿಯುವ ನೀರೇ ಇಲ್ಲ. ಮತ್ತೆ ನಾಲೆಗೆ ನೀರು ಬರುವಷ್ಟರಲ್ಲಿ ಸಾರಜನಕ ಮಣ್ಣಿಗೂ ಬೇರಿಗೂ ಇಳಿದಿರುತ್ತದೆ. ಇದಕ್ಕೆ ಒಂದೇ ತೂಬಿನ ಕೆಳಗೆ ನಾಟಿಯೂ ಒಂದು ವಾರದ ಅಂತರದೊಳಗೆ ಆಗಬೇಕು. ಅಷ್ಟನ್ನು ನೀರು ಬಳಕೆದಾರರ ಸಹಕಾರ ಸಂಘದವರು ಮತ್ತು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಸೇರಿ ಮಾಡಿಸಬಹುದು.

ಮಳೆಗಾಲದ ಬೆಳೆಯಲ್ಲಿ ಇದು ಅಷ್ಟು ಸಲೀಸಲ್ಲ. ಮಳೆಯ ಮುನ್ಸೂಚನೆ ನೋಡಿ ಎರಚುವುದನ್ನು ಎರಡು ದಿನ ಮುಂದೂಡುವುದು, ಕಂಡಿಯ ಎತ್ತರವನ್ನು ನಾಲ್ಕು ಬೆರಳು ಏರಿಸಿ ಒಂದು ಸಾಧಾರಣ ಮಳೆಯನ್ನು ಗದ್ದೆಯಲ್ಲೇ ಹಿಡಿಯುವುದು, ಇಷ್ಟನ್ನು ಮಾಡಬಹುದು.

ಬಸಿಗಾಲುವೆಗಳ ವಿಷಯವೂ ಇದೆ. ಹೂಳೆತ್ತುವಾಗ ಯಂತ್ರದಿಂದ ಎರಡೂ ದಂಡೆಯ ಹುಲ್ಲನ್ನು ಕೆರೆದು ಬೋಳು ಮಾಡುತ್ತಾರೆ. ಒಂದು ದಂಡೆಯನ್ನಾದರೂ ಹಾಗೆಯೇ ಬಿಟ್ಟು, ನೇಪಿಯರ್ ಹುಲ್ಲು ಅಥವಾ ಲಾವಂಚ ಹಾಕಿದರೆ ರಾಡಿ ಅಲ್ಲೇ ನಿಲ್ಲುತ್ತದೆ. ದನ ಸಾಕುವವರಿಗೆ ನೇಪಿಯರ್ ಮೇವೂ ಆಗುತ್ತದೆ. ಹಳ್ಳದಲ್ಲಿ ಬೆಳೆಯುವ ಜೊಂಡು ಮತ್ತು ಅಂತರಗಂಗೆ ಕೂಡ ಪೋಷಕಾಂಶ ಹೀರುತ್ತವೆ, ಆದರೆ ಅವನ್ನು ಕಿತ್ತು ದಡಕ್ಕೆ ತಂದು ಗೊಬ್ಬರ ಮಾಡಿದರೆ ಮಾತ್ರ ಪ್ರಯೋಜನ. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ಮರಳಿ ನೀರಿಗೇ ಬರುತ್ತದೆ.

ಕೊನೆ ತೂಬು:

ನಾಲೆ ನಿಂತ ದಿನ ಎರಚುವ ಮಾತು ನನಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಇದರಲ್ಲಿ ಕೊನೆಭಾಗದವರು ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಒಂದು ಷರತ್ತು. ಹರಿವಿನ ಕೊನೆಯ ದಿನಗಳಲ್ಲಿ ಮೇಲಿನವರು ನೀರು ನಿಲ್ಲಿಸಿಕೊಳ್ಳುವ ಮೊದಲು ಕೊನೆಯ ಗದ್ದೆ ತುಂಬಿರಬೇಕು. ನೀರುಗಂಟಿ ಕೆಳಗಿನಿಂದ ಮೇಲಕ್ಕೆ ನೋಡಿಕೊಂಡು ಬರಬೇಕು. ಹಾಗೆ ಬರೆದುಕೊಂಡರೆ ನಮ್ಮ ತೂಬಿನವರನ್ನು ಒಪ್ಪಿಸುವ ಹೊಣೆ ನನ್ನದು.

ಹರಿದ್ರಾ ತೀರ:

ಷರತ್ತು ನ್ಯಾಯವಾಗಿದೆ, ಅದನ್ನು ಮೊದಲ ಸಾಲಿನಲ್ಲೇ ಬರೆಯೋಣ. ಬರುವ ಬೇಸಿಗೆ ಬೆಳೆಗೆ ನಮ್ಮದೊಂದು, ನಿಮ್ಮದೊಂದು, ಹೀಗೆ ಎರಡು ತೂಬುಗಳನ್ನು ಆರಿಸಿಕೊಳ್ಳೋಣ. ಕೆಸರು ಮಾಡಿದ ಮೇಲೆ ರಾಡಿ ನೀರನ್ನು ಬಿಡದೆ, ಮಣ್ಣು ತಳಕ್ಕೆ ಕೂರುವವರೆಗೆ ಹಾಗೇ ನಿಲ್ಲಿಸಿ ನಾಟಿ ಮಾಡುವುದು. ಮಟ್ಟ ಹೊಡೆಯಲು ಮೊದಲೇ ಕಡಿಮೆ ನೀರು ಬಳಸಿದರೆ ಇದು ಸಾಧ್ಯ. ಡಿಎಪಿಯನ್ನು ಮಣ್ಣು ಪರೀಕ್ಷೆಯಲ್ಲಿ ರಂಜಕ ಕಡಿಮೆ ಬಂದ ಗದ್ದೆಗೆ ಮಾತ್ರ ಪೂರ್ತಿ ಕೊಟ್ಟು, ಹೆಚ್ಚು ಬಂದ ಗದ್ದೆಗೆ ಕಡಿತ ಮಾಡುವುದು. ಯೂರಿಯಾ ನಾಲೆ ನಿಂತ ದಿನ, ಎಲೆ ಪಟ್ಟಿ ನೋಡಿ. ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದವರನ್ನು ಒಮ್ಮೆ ಗದ್ದೆಗೆ ಕರೆಸಿ ಕೇಳುವುದೂ ಒಳ್ಳೆಯದು. ಫಲ ತಿಳಿಯಲು ನೈಟ್ರೇಟ್ ಅಳೆಯುವ ಕಾಗದದ ಪಟ್ಟಿಗಳನ್ನು ತರಿಸುತ್ತೇನೆ, ತೂಬಿನ ಬಾಯಲ್ಲೂ ಬಸಿಗಾಲುವೆಯಲ್ಲೂ ಅದ್ದಿ ನೋಡೋಣ.

ಮಣ್ಣಿನ ಪಾಠ:

ಪಟ್ಟಿ ತರಿಸುವ ಮುನ್ನ ಒಂದು ಸೂಚನೆ. ಯೂರಿಯಾ ಎರಚಿದ ಮೊದಲ ದಿನಗಳಲ್ಲಿ ಗದ್ದೆಯ ನೀರಿನಲ್ಲಿರುವ ಸಾರಜನಕ ಬಹುಪಾಲು ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿ ಇರುತ್ತದೆ, ನೈಟ್ರೇಟ್ ರೂಪದಲ್ಲಲ್ಲ. ನೈಟ್ರೇಟ್ ಪಟ್ಟಿಯೊಂದನ್ನೇ ನಂಬಿದರೆ ನೀರು ಚೊಕ್ಕಟವಾಗಿದೆ ಎಂಬ ತಪ್ಪು ಉತ್ತರ ಬರುತ್ತದೆ. ಅಮೋನಿಯಂ ಪಟ್ಟಿಯನ್ನೂ ತರಿಸಿ. ರಂಜಕಕ್ಕೆ ಪಟ್ಟಿ ಸಾಲದು, ಏಕೆಂದರೆ ಅದರ ದೊಡ್ಡ ಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಸೋಸದ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿ, ಐಸ್ ಡಬ್ಬಿಯಲ್ಲಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಿ ಒಟ್ಟು ರಂಜಕ ಅಳೆಯಿರಿ ಎಂದು ಬರೆದು ಕೊಡಬೇಕು. ಮಾದರಿ ತೆಗೆಯುವುದು ಕೆಸರು ಮಾಡಿದ ದಿನ, ಯೂರಿಯಾ ಎರಚಿದ ಮರುದಿನ, ಮೂರನೇ ದಿನ ಮತ್ತು ಏಳನೇ ದಿನ. ಜೊತೆಗೆ ಈ ಒಪ್ಪಂದಕ್ಕೆ ಸೇರದ ಪಕ್ಕದ ಒಂದು ತೂಬಿನಿಂದಲೂ ಅದೇ ದಿನಗಳಲ್ಲಿ ಮಾದರಿ ತೆಗೆಯಿರಿ. ಹೋಲಿಸಲು ಅದು ಬೇಕೇ ಬೇಕು. ಬಾಟಲಿಗಳ ಮೇಲೆ ದಿನ, ಹೊತ್ತು, ಜಾಗ ಬರೆಯಲು ನೀರಿಗೆ ಅಳಿಸದ ಪೆನ್ನು ಇಟ್ಟುಕೊಳ್ಳಿ. ಮೊದಲ ಮಾದರಿಯ ದಿನ ನಾನೂ ಬರುತ್ತೇನೆ.